ಹಣ ಕಂಪನಿಯದು, ಹೊತ್ತು ಯಾರದು?

ಈಚಿನ ಹತ್ತು ಹನ್ನೆರಡು ವರ್ಷಗಳಿಂದ ನಮ್ಮ ಭಾಗದ ಹಳ್ಳಿ ಪೇಟೆಗಳಲ್ಲಿ ಮೂರು ಇಂಗ್ಲಿಷ್ ಅಕ್ಷರಗಳು ಎಲ್ಲರ ಬಾಯಲ್ಲಿ ಓಡಾಡುತ್ತಿವೆ. ಶಾಲೆಯ ಗೋಡೆಗೆ ಹೊಸ ಬಣ್ಣ ಕಂಡರೆ ‘ಅದು ಸಿ.ಎಸ್.ಆರ್.ದಾಗ ಆಗೇತಿ’ ಎನ್ನುತ್ತಾರೆ. ಹುಡುಗರ ಬೆನ್ನಿಗೆ ಹೊಸ ಪಾಟಿಚೀಲ ಬಂದರೂ ಅದೇ ಮಾತು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಎಂಬುದು ಆ ಅಕ್ಷರಗಳ ಅರ್ಥ. ಅವುಗಳ ಬೆನ್ನ ಹಿಂದೆಯೇ ಇನ್ನೊಂದು ಶಬ್ದವೂ ಬಂದಿದೆ, ಅದು ‘ಮೆಂಟರ್’. ಕಂಪನಿಯಲ್ಲಿ ಕೆಲಸ ಮಾಡುವ ಹಿರಿಯನೊಬ್ಬನು ಬಡಾವಣೆಯ ಹುಡುಗನೊಬ್ಬನ ಕೈಹಿಡಿದು, ಅವನ ಓದು, ಉದ್ಯೋಗ, ನಡೆನುಡಿಗಳಿಗೆ ದಾರಿ ತೋರಿಸಬೇಕೆಂಬುದು ಅದರ ಹಿಂದಿನ ಕಲ್ಪನೆ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಈ ಕಲ್ಪನೆಯನ್ನು ತುಸು ಪರಿಶೀಲಿಸಬೇಕೆಂದು ನನ್ನ ಉದ್ದೇಶ.

ಮೊದಲು ಶಬ್ದದ ವಿಚಾರ. ಭಾಷೆಯ ಮೇಷ್ಟ್ರಾಗಿ ಬಾಳು ಕಳೆದವನಿಗೆ ಈ ಚಪಲ ಸಹಜವೆಂದು ಕೇಳುಗರು ಮನ್ನಿಸಬೇಕು. ಮೆಂಟರ್ ಎಂಬುದು ಗ್ರೀಕರ ಮಹಾಕವಿ ಹೋಮರನ ‘ಒಡಿಸ್ಸಿ’ಯಲ್ಲಿ ಬರುವ ಒಬ್ಬ ವೃದ್ಧನ ಹೆಸರು. ಟ್ರಾಯ್ ಯುದ್ಧಕ್ಕೆ ಹೊರಟ ಒಡಿಸ್ಯೂಸನು ತನ್ನ ಮನೆವಾರ್ತೆಯನ್ನು ಈ ಗೆಳೆಯನ ಕೈಗೆ ಒಪ್ಪಿಸಿ ಹೋಗುತ್ತಾನೆ. ಮಗ ಟೆಲಿಮಾಕಸನು ಬೆಳೆದು ತಂದೆಯನ್ನು ಹುಡುಕಲು ಹೊರಟಾಗ ಅಥೀನಾ ದೇವತೆ ಇದೇ ಮೆಂಟರನ ರೂಪ ಧರಿಸಿ ಅವನ ಸಂಗಡ ಹಡಗು ಹತ್ತುತ್ತಾಳೆ. ಈ ಸಂಗಡ ಹಡಗು ಹತ್ತುವ ಸಂಗತಿ ಮುಖ್ಯವಾದುದು. ದಡದ ಮೇಲೆ ನಿಂತು ಉಪದೇಶ ಹೇಳಿ ಕಳಿಸಿದವನಿಗೆ ಆ ಹೆಸರು ಸಲ್ಲುತ್ತಿರಲಿಲ್ಲ.

ಕನ್ನಡದಲ್ಲಿ ಇದಕ್ಕೆ ಮಾರ್ಗದರ್ಶಿ ಎಂಬ ಪದವಿದೆ. ಆದರೆ ಆ ಪದ ಪರೀಕ್ಷೆಯ ಕೈಪಿಡಿಗಳ ಮೇಲೆ ಕೂತು ಕೂತು ಜೀವ ಕಳೆದುಕೊಂಡಿದೆ. ಬೆಳಗಾವಿ ಜಿಲ್ಲೆಯ ಜನರಿಗೆ ಇದಕ್ಕಿಂತ ಹತ್ತಿರದ ಶಬ್ದವೆಂದರೆ ‘ವಸ್ತಾದ’. ತಾಲೀಮಿನಲ್ಲಿ ಕುಸ್ತಿ ಕಲಿಸುವ ವಸ್ತಾದನಿಗೆ ಹುಡುಗನ ಪಟ್ಟು ಮಾತ್ರ ಗೊತ್ತಿದ್ದರೆ ಸಾಲದು. ಅವನು ಏನು ಉಣ್ಣುತ್ತಾನೆ, ಎಷ್ಟು ಹೊತ್ತಿಗೆ ಮಲಗುತ್ತಾನೆ, ಯಾರ ಜೊತೆ ತಿರುಗುತ್ತಾನೆ ಎಂಬುದೆಲ್ಲ ಗೊತ್ತಿರಬೇಕು. ನಸುಕಿನಲ್ಲಿ ಹುಡುಗ ತಾಲೀಮಿಗೆ ಬರದಿದ್ದರೆ ಮನೆಯ ಬಾಗಿಲಿಗೆ ಹೋಗಿ ಎಬ್ಬಿಸಿ ತರುವ ಹಕ್ಕೂ ಅವನಿಗುಂಟು. ಆ ಹಕ್ಕನ್ನು ಹುಡುಗನ ತಂದೆತಾಯಿಗಳೇ ಸಂತೋಷದಿಂದ ಕೊಟ್ಟಿರುತ್ತಾರೆ. ಕಂಪನಿಯ ಕಾರ್ಯಕ್ರಮಗಳನ್ನು ಅಳೆಯಲು ನನಗೆ ಈ ವಸ್ತಾದನೇ ಅಳತೆಗೋಲು.

ಇನ್ನು ಹುಡುಗರ ಸಂಗತಿ. ಈ ವಿಚಾರ ಹುಟ್ಟಿದ ಅಮೆರಿಕದಲ್ಲಿ ದೊಡ್ಡ ನಗರಗಳ ನಡುವಿನ ಬಡ ಕೇರಿಗಳ ಮಕ್ಕಳನ್ನು ಕುರಿತು ಯೋಚಿಸುತ್ತಾರೆ. ನಮ್ಮಲ್ಲಿ ಅಂಥ ನಗರಗಳಿಲ್ಲ. ಆದರೆ ಗೋಕಾಕದ ಹಳೆಯ ಪೇಟೆಯ ಇಕ್ಕಟ್ಟಾದ ಓಣಿಗಳಿವೆ, ಫಾಲ್ಸಿನ ಗಿರಣಿ ವಸತಿಗಳಿವೆ, ಸಂಕೇಶ್ವರ, ಮೂಡಲಗಿಗಳ ಬಸ್ ನಿಲ್ದಾಣಗಳಿವೆ. ಮುಂಜಾನೆ ಹತ್ತು ಗಂಟೆಗೆ ಆ ನಿಲ್ದಾಣಗಳ ಕಟ್ಟೆಯ ಮೇಲೆ ಕುಳಿತಿರುವ ಹದಿನೇಳು ಹದಿನೆಂಟು ವರ್ಷದ ಹುಡುಗರನ್ನು ನೋಡಿದವರಿಗೆ ನಾನು ಯಾರ ಮಾತು ಆಡುತ್ತಿದ್ದೇನೆಂಬುದು ತಿಳಿಯುತ್ತದೆ. ಎಸ್.ಎಸ್.ಎಲ್.ಸಿ.ಯಲ್ಲಿ ಒಂದೋ ಎರಡೋ ವಿಷಯ ಉಳಿದಿರುತ್ತವೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರಿನ ಮೇಲೆ ಕೆಲಸ ಸಿಗುತ್ತದೆ. ಉಳಿದ ದಿನಗಳಲ್ಲಿ ಇಚಲಕರಂಜಿಯ ಮಗ್ಗ, ಕೊಲ್ಲಾಪುರದ ಎರಕದ ಕಾರಖಾನೆ, ಗೋವೆಯ ಕಟ್ಟಡ ಕೆಲಸ. ಹೋದವನು ಹಬ್ಬಕ್ಕೆ ಬರುತ್ತಾನೆ, ಕೈಯಲ್ಲಿ ಹೊಸ ಮೊಬೈಲು ಇರುತ್ತದೆ, ನಾಲ್ಕು ತಿಂಗಳಿಗೆ ಮತ್ತೆ ಕಟ್ಟೆಯ ಮೇಲೆ ಕೂಡುತ್ತಾನೆ.

ಈ ಹುಡುಗರಲ್ಲಿ ಬುದ್ಧಿಯ ಕೊರತೆಯಿಲ್ಲ. ಎಷ್ಟೋ ವೇಳೆ ಹಣದ ಕೊರತೆಯೂ ಮುಖ್ಯವಾಗಿರುವುದಿಲ್ಲ. ಅವರ ಮನೆಯಲ್ಲಾಗಲಿ ಓಣಿಯಲ್ಲಾಗಲಿ ದಾರಿ ಬಲ್ಲವರು ಒಬ್ಬರೂ ಇರುವುದಿಲ್ಲ. ಐ.ಟಿ.ಐ.ಯ ಅರ್ಜಿ ಯಾವಾಗ ಕರೆಯುತ್ತಾರೆ, ಫಿಟ್ಟರ್ ಕಲಿತರೆ ಒಳ್ಳೆಯದೋ ಎಲೆಕ್ಟ್ರೀಷಿಯನ್ ಕಲಿತರೆ ಒಳ್ಳೆಯದೋ, ವಿದ್ಯಾರ್ಥಿವೇತನಕ್ಕೆ ಯಾವ ಕಾಗದ ಬೇಕು, ಸಂದರ್ಶನದಲ್ಲಿ ಕುರ್ಚಿಯ ಮೇಲೆ ಹೇಗೆ ಕೂಡಬೇಕು, ಇವು ನೌಕರದಾರರ ಮನೆಯ ಮಕ್ಕಳಿಗೆ ಊಟದ ಹೊತ್ತಿನ ಮಾತಿನಲ್ಲಿಯೇ ತಿಳಿದುಬಿಡುತ್ತವೆ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕದ ಪೇಟೆಯೊಳಗೆ ನೀರು ಹೊಕ್ಕಿತು. ಅಂಥ ಸಮಯದಲ್ಲಿ ಕಂಬಳಿ, ಅಕ್ಕಿ, ಬಕೆಟ್ಟು ಹಂಚುವವರಿಗೆ ನಮ್ಮ ನಾಡಿನಲ್ಲಿ ಬರವಿಲ್ಲ. ಕಂಪನಿಗಳೂ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ. ಆದರೆ ನೀರಿನಲ್ಲಿ ಅಂಕಪಟ್ಟಿ ಕಳೆದುಕೊಂಡ ಹುಡುಗನಿಗೆ, ಮುಖ್ಯಾಧ್ಯಾಪಕರ ಮೂಲಕ ಅರ್ಜಿ ಹಾಕಿದರೆ ಎರಡನೆಯ ಪ್ರತಿ ಸಿಗುತ್ತದೆಂದು ಹೇಳಿ, ಸಂಗಡ ಹೋಗಿ, ಅರ್ಜಿ ಬರೆಸಿ, ಮರಳಿ ವಿಚಾರಿಸುವವನು ಬೇಕು. ಆ ಮನುಷ್ಯ ಲಾರಿಯಲ್ಲಿ ಬರುವುದಿಲ್ಲ.

ಹಾಗೆ ಕೈಹಿಡಿದವರು ಈ ಭಾಗದಲ್ಲಿ ಹಿಂದೆ ಇರಲಿಲ್ಲವೆ? ಇದ್ದರು. ಹುಕ್ಕೇರಿ ತಾಲೂಕಿನ ಘೋಡಗೇರಿಯ ಕಮ್ಮಾರರ ಮನೆಯಲ್ಲಿ 1937ರಲ್ಲಿ ಹುಟ್ಟಿದ ಒಬ್ಬ ಹುಡುಗ ಗೋಕಾಕದ ಶಾಲೆಗೆ ಬಂದ. ಬಡತನ ತಡೆಯಲಾರದೆ ಓದು ಬಿಟ್ಟ. ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಅವನನ್ನು ಕರೆದು ಓದಿನ ವೆಚ್ಚವನ್ನು ವಹಿಸಿಕೊಂಡು ಮತ್ತೆ ಶಾಲೆಗೆ ಕಳಿಸಿದರು. ಆ ಹುಡುಗನೇ ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದ, 2010ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಪಡೆದ ಚಂದ್ರಶೇಖರ ಕಂಬಾರರು. ಕಂಬಾರರ ಪ್ರತಿಭೆಗೆ ಮಠವೇ ಕಾರಣವೆಂದು ಯಾರೂ ಹೇಳಲಾರರು. ಆದರೆ ಶಾಲೆ ಬಿಟ್ಟ ಆ ದಿನಗಳಲ್ಲಿ ‘ಹುಡುಗ ಯಾಕೆ ಬರಲಿಲ್ಲ’ ಎಂದು ಕೇಳುವವರು ಒಬ್ಬರು ಇರದಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು. ಕೇಳುವವರು ಇಲ್ಲದೆ ಕಳೆದುಹೋದ ಹುಡುಗರ ಹೆಸರು ಯಾವ ಚರಿತ್ರೆಯಲ್ಲಿಯೂ ಬರುವುದಿಲ್ಲ.

ಇದು ಮಠದ ಮಾತಾಯಿತು. ಕಂಪನಿಗಳು ಏನು ಮಾಡಿದವು? ಈ ಪ್ರಶ್ನೆಗೆ ಗೋಕಾಕದಷ್ಟು ಹಳೆಯ ಉತ್ತರ ಕರ್ನಾಟಕದ ಕೆಲವೇ ಊರುಗಳಲ್ಲಿ ಸಿಕ್ಕೀತು. ಘಟಪ್ರಭೆಯು ಸುಮಾರು 170 ಅಡಿ ಎತ್ತರದಿಂದ ಧುಮುಕುವ ಸ್ಥಳದಲ್ಲಿ 1885ರಲ್ಲಿ ಹತ್ತಿಯ ನೂಲಿನ ಗಿರಣಿ ಸ್ಥಾಪನೆಯಾಯಿತು. 1887ರಲ್ಲಿಯೇ ಇಲ್ಲಿ ನೀರಿನ ಬಲದಿಂದ ವಿದ್ಯುತ್ತು ತಯಾರಾಯಿತೆಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಗಿರಣಿಯ ಒಡೆತನ ಫೋರ್ಬ್ಸ್, ಟಾಟಾ, ಶಾಪೂರ್ಜಿ ಪಲ್ಲೋನ್‌ಜಿ ಎಂದು ಬಳಗದಿಂದ ಬಳಗಕ್ಕೆ ಸಾಗಿತು. ಗಿರಣಿಯ ಸುತ್ತ ಮನೆಗಳೆದ್ದವು, ಶಾಲೆ, ದವಾಖಾನೆಗಳಾದವು. ಕಲ್ಲುಬಂಡೆಗಳ ನಡುವೆ ಒಂದು ಊರೇ ಹುಟ್ಟಿತು. ಇದಕ್ಕೆ ಆಗ ಸಾಮಾಜಿಕ ಹೊಣೆಗಾರಿಕೆಯೆಂಬ ದೊಡ್ಡ ಹೆಸರಿರಲಿಲ್ಲ. ಯಂತ್ರ ತಿರುಗಬೇಕಾದರೆ ಜನ ನಿಲ್ಲಬೇಕು, ಜನ ನಿಲ್ಲಬೇಕಾದರೆ ಮನೆ, ಶಾಲೆ ಬೇಕು ಎಂಬ ವ್ಯವಹಾರದ ಲೆಕ್ಕವೇ ಇದರ ಬುನಾದಿ. ಲೆಕ್ಕವಾದರೇನಾಯಿತು, ಗಿರಣಿಯ ಕೂಲಿಕಾರನ ಮಗ ದಿನ ಬೆಳಗಾದರೆ ಫಿಟ್ಟರನನ್ನು, ಕಾರಕೂನನನ್ನು, ಡಾಕ್ಟರನನ್ನು ಕಣ್ಣಾರೆ ನೋಡುತ್ತ ಬೆಳೆದ. ಒಂದು ಉದ್ಯೋಗ ಹೇಗಿರುತ್ತದೆಂದು ಅವನಿಗೆ ಯಾರೂ ಉಪನ್ಯಾಸ ಕೊಡಬೇಕಾಗಿರಲಿಲ್ಲ.

ಆ ಕಾಲವನ್ನು ಹೊಗಳುವ ಭರದಲ್ಲಿ ಅದರ ಇನ್ನೊಂದು ಮುಖವನ್ನು ಮರೆಯಬಾರದು. ಪಶ್ಚಿಮ ಭಾರತದ ಹತ್ತಿಗಿರಣಿಗಳಲ್ಲಿ ‘ಜಾಬರ್’ ಎಂಬವನೊಬ್ಬ ಇರುತ್ತಿದ್ದ. ಹಳ್ಳಿಯಿಂದ ಹುಡುಗರನ್ನು ಕರೆತರುವವನೂ ಅವನೇ, ಯಂತ್ರದ ಮುಂದೆ ನಿಲ್ಲಿಸಿ ಕಲಿಸುವವನೂ ಅವನೇ, ಇರಲು ಜಾಗ ತೋರಿಸುವವನೂ ಅವನೇ. ಹಾಗೆಯೇ ಪಗಾರದ ದಿನ ದಸ್ತೂರಿ ಹಿಡಿದುಕೊಳ್ಳುವವನೂ, ಮಾತು ಕೇಳದವನನ್ನು ಮನೆಗೆ ಕಳಿಸುವವನೂ ಅವನೇ ಆಗಿದ್ದ. ಇಂದಿಗೂ ಕಬ್ಬು ಕಡಿಯುವ ಗ್ಯಾಂಗುಗಳ ಮುಕಾದಮನಲ್ಲಿ ಈ ಜಾಬರನ ಛಾಯೆ ಕಾಣುತ್ತದೆ. ಆದುದರಿಂದ ಕೈಹಿಡಿಯುವವನ ಹಿತವೂ ಕೈಹಿಡಿಸಿಕೊಂಡವನ ಕೂಲಿಯೂ ಒಂದೇ ಗಂಟಿನಲ್ಲಿ ಸಿಕ್ಕಿಕೊಳ್ಳಬಾರದು.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಬದುಕಿನಲ್ಲಿ ಇದಕ್ಕಿಂತ ಮೇಲಾದ ಮಾದರಿಯಿದೆ. ಅವರು ಮುಂಬಯಿಯ ತಾಂತ್ರಿಕ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದು, ಆ ಕೆಲಸ ಬಿಟ್ಟು, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲು ಮಾಡಿದವರು. 1910ರಲ್ಲಿ ಔಂಧ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟುವಾಗ ಅವರು ಸೇರಿಸಿಕೊಂಡ ಜನರ ಪಟ್ಟಿಯನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಶಾಲೆಯಲ್ಲಿ ನಪಾಸಾದವರು, ನಡುವೆಯೇ ಓದು ಬಿಟ್ಟವರು, ಅಷ್ಟೇ ಏಕೆ, ದರೋಡೆಯ ಹೆಸರು ಹೊತ್ತವರೂ ಅಲ್ಲಿದ್ದರು. ದರೋಡೆಕೋರರೆನಿಸಿದವರನ್ನು ಅವರು ಕಾವಲಿಗೆ ಇಟ್ಟರು. ಓದು ಬಿಟ್ಟವರು ಅವರ ಕೈಕೆಳಗೆ ಯಂತ್ರಗಳನ್ನು ರೂಪಿಸುವ ಎಂಜಿನಿಯರುಗಳಾದರು. ಇಲ್ಲಿ ಗಮನಿಸಬೇಕಾದುದು ಮಾಲೀಕರ ಔದಾರ್ಯಕ್ಕಿಂತ ಹೆಚ್ಚಾಗಿ ಅವರ ಸಾಮೀಪ್ಯ. ಯಜಮಾನನು ಅದೇ ಬಯಲಿನಲ್ಲಿ, ಅದೇ ಬಿಸಿಲಿನಲ್ಲಿ, ಅದೇ ಭಟ್ಟಿಯ ಮುಂದೆ ನಿಂತಿದ್ದನು. ಹುಡುಗನ ಕೈ ಎಲ್ಲಿ ತಪ್ಪುತ್ತದೆಂಬುದು ಅವನಿಗೆ ಆಗಲೇ ತಿಳಿಯುತ್ತಿತ್ತು.

ಇಂದಿನ ವ್ಯವಸ್ಥೆಯ ಬೇರು 2013ರ ಕಂಪನಿ ಕಾಯಿದೆಯ 135ನೆಯ ಕಲಮಿನಲ್ಲಿದೆ. ಅದು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ರೂಪಾಯಿ ನಿವ್ವಳ ಆಸ್ತಿ, 1000 ಕೋಟಿಯ ವಹಿವಾಟು, ಇಲ್ಲವೆ 5 ಕೋಟಿಯ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ 2ರಷ್ಟನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು. ಮೊದಲ ವರ್ಷ ದೇಶದಲ್ಲಿ ಸುಮಾರು 10 ಸಾವಿರ ಕೋಟಿ ರೂಪಾಯಿ ಹೀಗೆ ವೆಚ್ಚವಾಯಿತು. 2021-22ರ ಹೊತ್ತಿಗೆ ಅದು ಸುಮಾರು 26 ಸಾವಿರ ಕೋಟಿಗೆ ಏರಿತು. ಶಿಕ್ಷಣಕ್ಕೆ ಇದರಲ್ಲಿ ದೊಡ್ಡ ಪಾಲು. ಹಣ ಸಣ್ಣದಲ್ಲ, ಉದ್ದೇಶವೂ ಒಳ್ಳೆಯದು.

ಆದರೆ ಈ ಹೊಳೆ ನಮ್ಮ ಮೂರು ತಾಲೂಕುಗಳ ಕಡೆಗೆ ಏಕೆ ತೆಳುವಾಗಿ ಹರಿಯುತ್ತದೆ? ತನ್ನ ಕಾರ್ಯಕ್ಷೇತ್ರದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕೆಂದು ಕಾಯಿದೆಯೇ ಹೇಳುತ್ತದೆ. ದೊಡ್ಡ ಕಂಪನಿಗಳ ಕಾರ್ಯಕ್ಷೇತ್ರ ಬೆಂಗಳೂರು, ಮುಂಬಯಿ, ಪುಣೆ. ಇಲ್ಲಿಯ ದೊಡ್ಡ ಉದ್ಯಮ ಸಕ್ಕರೆ. ಅದರಲ್ಲಿಯೂ ಸಂಕೇಶ್ವರದ ಹಿರಣ್ಯಕೇಶಿ ಕಾರಖಾನೆಯಂಥವು ರೈತರ ಸಹಕಾರಿ ಸಂಘಗಳಾಗಿ ಹುಟ್ಟಿದವು. ಸಹಕಾರಿ ಸಂಘವು ಕಂಪನಿ ಕಾಯಿದೆಯ ಕೆಳಗೆ ಬರುವುದಿಲ್ಲ. ಆದುದರಿಂದ 135ನೆಯ ಕಲಮು ಅದಕ್ಕೆ ತಾಕುವುದಿಲ್ಲ. ಈ ನೆಲದಲ್ಲಿ ಬೇರುಬಿಟ್ಟ ಸಂಸ್ಥೆಗಳಿಗೆ ಕಾಯಿದೆಯ ಒತ್ತಾಯವಿಲ್ಲ, ಒತ್ತಾಯವಿರುವ ಸಂಸ್ಥೆಗಳಿಗೆ ಈ ನೆಲದಲ್ಲಿ ಬೇರಿಲ್ಲ. ನಮ್ಮ ಭಾಗದ ಚರ್ಚೆಗಳಲ್ಲಿ ಈ ಒಂದು ಅಂಶ ಪ್ರಸ್ತಾಪಕ್ಕೆ ಬರುವುದೇ ಅಪರೂಪ.

ಇನ್ನೊಂದು ತೊಡಕು ಇದಕ್ಕಿಂತ ಆಳವಾದುದು. ಕಂಪನಿಯ ನೌಕರರು ಇಂಥ ಕೆಲಸದಲ್ಲಿ ಭಾಗವಹಿಸುವುದು ಒಳ್ಳೆಯದೆಂದೂ, ಆದರೆ ಅವರು ಕೊಟ್ಟ ಸಮಯಕ್ಕೆ ಬೆಲೆ ಕಟ್ಟಿ ಅದನ್ನು ಕಾಯಿದೆಯ ವೆಚ್ಚದಲ್ಲಿ ಸೇರಿಸಲಾಗದೆಂದೂ ಕೇಂದ್ರ ಸರಕಾರದ ಮಂತ್ರಾಲಯ 2016ರಲ್ಲಿ ಸ್ಪಷ್ಟಪಡಿಸಿತು. ಇದಕ್ಕೆ ಕಾರಣವಿದೆ. ಹಾಗೆ ಸೇರಿಸಲು ಬಿಟ್ಟರೆ ಕೆಲವರು ಮ್ಯಾನೇಜರನ ಅರ್ಧ ತಾಸಿನ ಭಾಷಣಕ್ಕೆ ಲಕ್ಷ ರೂಪಾಯಿ ಬರೆದುಕೊಂಡಾರು. ಆದರೂ ಇದರ ಪರಿಣಾಮವನ್ನು ನೋಡಿರಿ. ಕಟ್ಟಡ, ಚೀಲ, ಕಂಪ್ಯೂಟರುಗಳು ಲೆಕ್ಕಕ್ಕೆ ಬರುತ್ತವೆ. ಫಿಟ್ಟರನೊಬ್ಬ ಎರಡು ವರ್ಷ ಪ್ರತಿ ರವಿವಾರ ನಾಲ್ಕು ಹುಡುಗರೊಡನೆ ಕಳೆದ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬರದ ವಸ್ತುವನ್ನು ಕಚೇರಿಗಳು ಬಹಳ ದಿನ ನೆನಪಿಟ್ಟುಕೊಳ್ಳುವುದಿಲ್ಲ.

ನಾನು ಪಾಠ ಹೇಳುತ್ತಿದ್ದ ಕಾಲದ ಒಂದು ಪ್ರಸಂಗ. ಹೊರಗಿನ ಕಂಪನಿಯೊಂದರಿಂದ ತರುಣ ಅಧಿಕಾರಿಗಳ ತಂಡ ನಮ್ಮಲ್ಲಿಗೆ ಬಂತು. ಒಳ್ಳೆಯ ಮಕ್ಕಳು, ಉತ್ಸಾಹಿಗಳು. ಪ್ರತಿಯೊಬ್ಬ ಅಧಿಕಾರಿಗೆ ಹತ್ತು ವಿದ್ಯಾರ್ಥಿಗಳಂತೆ ಹಂಚಿಕೊಟ್ಟರು. ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಒಂದು ದಿನಚರಿಪುಸ್ತಕ. ಮಾತು ಇಂಗ್ಲಿಷಿನಲ್ಲಿ ಆರಂಭವಾಗಿ, ಹಿಂದಿಗೆ ಇಳಿದು, ಕೊನೆಗೆ ಸನ್ನೆಗಳಲ್ಲಿ ಮುಗಿಯಿತು. ಆದರೂ ಮಕ್ಕಳು ಹಿಗ್ಗಿದರು. ದೊಡ್ಡ ಊರಿನ ಒಬ್ಬ ಅಣ್ಣ, ಒಬ್ಬ ಅಕ್ಕ ತಮ್ಮ ಹೆಸರು ಕೇಳಿ ಬರೆದುಕೊಂಡರಲ್ಲ! ಮುಂದಿನ ತಿಂಗಳು ಬರುತ್ತೇವೆಂದು ಹೇಳಿ ಹೋದರು. ಒಮ್ಮೆ ದೂರವಾಣಿಯಲ್ಲಿ ಮಾತಾಡಿದರು. ಆಮೇಲೆ ಅವರಲ್ಲಿ ಕೆಲವರಿಗೆ ವರ್ಗವಾಯಿತು, ಕೆಲವರು ಕಂಪನಿ ಬಿಟ್ಟರು. ಮೂಡಲಗಿಯ ಕಡೆಯ ಒಬ್ಬ ಹುಡುಗ ಎರಡು ತಿಂಗಳವರೆಗೆ ಆ ದಿನಚರಿಪುಸ್ತಕದಲ್ಲಿ ತನ್ನ ಪ್ರಶ್ನೆಗಳನ್ನು ಒಂದೊಂದಾಗಿ ಬರೆದಿಟ್ಟಿದ್ದ. ‘ಸರ್, ಅವರು ಬಂದಾಗ ಕೇಳಬೇಕಂತ ಬರದೇನ್ರಿ’ ಎಂದು ನನಗೆ ತೋರಿಸಿದ. ಹದಿನಾಲ್ಕು ಪ್ರಶ್ನೆಗಳಿದ್ದವು. ಅವುಗಳಲ್ಲಿ ಮೂರಕ್ಕೆ ನನಗೂ ಉತ್ತರ ಗೊತ್ತಿರಲಿಲ್ಲ, ಅವು ಕಾರಖಾನೆಯ ಒಳಗಿನವರಿಗೆ ಮಾತ್ರ ಗೊತ್ತಿರುವಂಥವು.

ಇದರಲ್ಲಿ ಏನು ಕೆಟ್ಟಿತು, ಅಂಗಿಯಾದರೂ ಸಿಕ್ಕಿತಲ್ಲ ಎಂದು ಯಾರಾದರೂ ಕೇಳಬಹುದು. ಕೆಟ್ಟಿತೆಂಬುದಕ್ಕೆ ಆಧಾರವಿದೆ. ನ್ಯೂಯಾರ್ಕಿನ ಮಕ್ಕಳ ನ್ಯಾಯಾಲಯದಲ್ಲಿ ಗುಮಾಸ್ತನಾಗಿದ್ದ ಅರ್ನೆಸ್ಟ್ ಕೌಲ್ಟರ್ ಎಂಬವನು 1904ರಲ್ಲಿ, ಕಟಕಟೆಗೆ ಬರುವ ಹುಡುಗರನ್ನು ದಿನವೂ ನೋಡಿ ಬೇಸತ್ತು, ಒಬ್ಬೊಬ್ಬ ಗೃಹಸ್ಥನು ಒಬ್ಬೊಬ್ಬ ಹುಡುಗನಿಗೆ ಹಿರಿಯಣ್ಣನಾಗಬೇಕೆಂದು ಒಂದು ಚಳವಳಿಯನ್ನು ಆರಂಭಿಸಿದನು. ಅದೇ ಮುಂದೆ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಎಂಬ ದೊಡ್ಡ ಸಂಸ್ಥೆಯಾಯಿತು. ಅದರ ಕೆಲಸವನ್ನು ಎಂಟು ನಗರಗಳಲ್ಲಿ, 959 ಮಕ್ಕಳ ಮೇಲೆ, ಹದಿನೆಂಟು ತಿಂಗಳವರೆಗೆ ಪರೀಕ್ಷಿಸಿದ ವರದಿಯೊಂದು 1995ರಲ್ಲಿ ಹೊರಬಂತು. ಚೀಟಿ ಎತ್ತಿದ ಹಾಗೆ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹಿರಿಯಣ್ಣ ಹಿರಿಯಕ್ಕಂದಿರನ್ನು ಕೊಟ್ಟು, ಇನ್ನೊಂದು ಗುಂಪನ್ನು ಕಾಯಲು ಹೇಳಿದ್ದರು. ಹಿರಿಯರು ದೊರೆತ ಮಕ್ಕಳು ಮಾದಕ ವಸ್ತುಗಳ ಚಟ ಹತ್ತಿಸಿಕೊಳ್ಳುವ ಸಂಭವ ನೂರಕ್ಕೆ 46ರಷ್ಟು ಕಡಿಮೆಯಾಗಿತ್ತು. ಶಾಲೆ ತಪ್ಪಿಸುವ ದಿನಗಳು ಅರ್ಧಕ್ಕೆ ಇಳಿದಿದ್ದವು. ಅವರಿಗೆ ಯಾರೂ ದೊಡ್ಡ ಉಪದೇಶ ಮಾಡಿರಲಿಲ್ಲ. ತಿಂಗಳಿಗೆ ಮೂರು ನಾಲ್ಕು ಸಲ, ಪ್ರತಿ ಸಲ ಕೆಲವು ತಾಸು, ಒಟ್ಟಿಗೆ ಇದ್ದರು, ಅಷ್ಟೆ.

ಇದೇ ಅಂಕಿ ಅಂಶಗಳನ್ನು ಜೀನ್ ಗ್ರಾಸ್‌ಮನ್, ಜೀನ್ ರೋಡ್ಸ್ ಎಂಬ ಇಬ್ಬರು ವಿದುಷಿಯರು ಮತ್ತೊಮ್ಮೆ ಜಾಲಾಡಿ 2002ರಲ್ಲಿ ಒಂದು ಲೇಖನ ಬರೆದರು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದ ಜೋಡಿಗಳಿಂದ ಮಕ್ಕಳಿಗೆ ಅತಿ ಹೆಚ್ಚಿನ ಲಾಭವಾಗಿತ್ತು. ಮೂರು ತಿಂಗಳೊಳಗೆ ಮುರಿದುಬಿದ್ದ ಜೋಡಿಗಳಲ್ಲಿ ಮಕ್ಕಳ ಆತ್ಮವಿಶ್ವಾಸ ಮೊದಲಿಗಿಂತ ಕುಗ್ಗಿತ್ತು. ಯಾರೂ ಬರದಿದ್ದರೆ ಇರುವಷ್ಟು ಧೈರ್ಯವೂ, ಬಂದು ಬಿಟ್ಟುಹೋದ ಮೇಲೆ ಉಳಿಯಲಿಲ್ಲವೆಂದಾಯಿತು. ಮೊದಲೇ ‘ನಾನು ಎಲ್ಲಿಯೂ ಸಲ್ಲದವನು’ ಎಂದುಕೊಂಡಿದ್ದ ಹುಡುಗನಿಗೆ ದೊಡ್ಡ ಊರಿನ ಅಣ್ಣನ ಮೌನವು ಆ ಮಾತಿಗೆ ಹಾಕಿದ ಸಹಿಯಂತಾಗುತ್ತದೆ. ಹದಿನಾಲ್ಕು ಪ್ರಶ್ನೆ ಬರೆದಿಟ್ಟ ಹುಡುಗನ ಮುಖವನ್ನು ನೋಡಿದ ನನಗೆ ಈ ಸಂಶೋಧನೆಯನ್ನು ನಂಬಲು ಕಷ್ಟವಾಗಲಿಲ್ಲ.

ಹಾಗಾದರೆ ನಡುವೆ ಬಿಟ್ಟುಹೋಗದ ಜನರನ್ನು ಎಲ್ಲಿಂದ ತರಬೇಕು? ಗೋಕಾಕ ತಾಲೂಕಿನ ಘಟಪ್ರಭೆಯಲ್ಲಿಯೇ ಇದಕ್ಕೆ ಒಂದು ಉತ್ತರ ಸಿಗುತ್ತದೆ. ಈ ಸೀಮೆಯಲ್ಲಿ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಮುತ್ತು ಕಟ್ಟಿ ಬಿಡುವ ಪದ್ಧತಿ ಬಹುಕಾಲ ಇತ್ತು. 1982ರಲ್ಲಿ ಅದನ್ನು ನಿಷೇಧಿಸುವ ಕಾಯಿದೆಯಾಯಿತು, ಆದರೆ ಕಾಯಿದೆ ಓಣಿಯೊಳಗೆ ತಾನಾಗಿ ನಡೆದು ಬರುವುದಿಲ್ಲ. ಸರಕಾರದ ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡಾ ಸಂಸ್ಥೆಗಳ ನೆರವಿನಿಂದ ಆರಂಭವಾದ ಕೆಲಸ ಬೆಳೆದು, 1997ರಲ್ಲಿ ಮಾಜಿ ದೇವದಾಸಿಯರದೇ ಒಂದು ಸಂಸ್ಥೆಯಾಯಿತು. ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ ಎಂದು ಅದರ ಹೆಸರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರು ಸ್ವತಃ ಏಳನೆಯ ವಯಸ್ಸಿನಲ್ಲಿ ದೇವದಾಸಿಯಾದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. ಮನೆಯ ಹಿರಿಯರು ಏನು ಹೇಳುತ್ತಾರೆ, ಪೂಜಾರಿ ಏನು ಹೇಳುತ್ತಾನೆ, ಹುಡುಗಿ ಯಾವ ಮಾತಿಗೆ ಅಂಜುತ್ತಾಳೆ ಎಂಬುದನ್ನು ಅವರಿಗೆ ಯಾವ ತರಬೇತಿಯೂ ಕಲಿಸಬೇಕಾಗಿರಲಿಲ್ಲ. ಹೊರಗಿನವರ ಹಣ ಮತ್ತು ತಿಳಿವಳಿಕೆ, ಒಳಗಿನವರ ಕಾಲು ಮತ್ತು ನಾಲಿಗೆ, ಇವೆರಡೂ ಕೂಡಿದ್ದರಿಂದ ಆ ಕೆಲಸ ನಿಂತಿತು.

ಇದೇ ನ್ಯಾಯವನ್ನು ಕಂಪನಿಗಳ ಕಾರ್ಯಕ್ರಮಕ್ಕೂ ಅನ್ವಯಿಸಿ ನೋಡಿರಿ. ಬೆಂಗಳೂರಿನ ತರುಣ ಎಂಜಿನಿಯರನಿಗಿಂತ, ಗಿರಣಿಯಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತನಾದ ಫಿಟ್ಟರ್ ಫಾಲ್ಸಿನ ಹುಡುಗನಿಗೆ ಹತ್ತಿರದವನು. ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ. ದೇಶದಲ್ಲಿ ಪ್ರಯೋಗಾರ್ಥವಾಗಿ ಮೊದಲು ಆಯ್ದ ಐದು ಸಂಘಗಳಲ್ಲಿ ಅದೂ ಒಂದು. ತಾಲೂಕಿನ ಪ್ರತಿಯೊಂದು ಹಳ್ಳಿಯ ಕಂಬ ಹತ್ತಿದ ಲೈನ್‌ಮನ್‌ಗಳು ಅಲ್ಲಿ ಇದ್ದಾರೆ. ಯಾವ ಮನೆಯ ಹುಡುಗ ಏನು ಮಾಡುತ್ತಾನೆಂಬುದು ಅವರಿಗೆ ಗೊತ್ತಿರುವಷ್ಟು ಶಾಲೆಯ ಮೇಷ್ಟ್ರಿಗೂ ಗೊತ್ತಿರಲಾರದು. ಸಕ್ಕರೆ ಕಾರಖಾನೆಗಳ ರಸಾಯನಶಾಲೆ, ವರ್ಕ್‌ಶಾಪು, ಲೆಕ್ಕಪತ್ರ ವಿಭಾಗಗಳಲ್ಲಿಯೂ ಇಂಥವರು ಇದ್ದಾರೆ. ಕನ್ನಡ, ಮರಾಠಿ, ಉರ್ದು ಯಾವ ಮಾತಿನ ಹುಡುಗ ಬಂದರೂ ಉತ್ತರ ಕೊಡಬಲ್ಲ ಜನ ಇವರು.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಹತ್ತನೆಯ ತರಗತಿಯಾದ ಮೇಲೆ ಮಗಳನ್ನು ಮುಂದಕ್ಕೆ ಕಳಿಸಬೇಕೋ ಮದುವೆ ಮಾಡಬೇಕೋ ಎಂಬ ತೀರ್ಮಾನ ಅಡುಗೆಮನೆಯಲ್ಲಿ ಆಗುತ್ತದೆ. ಅಲ್ಲಿಗೆ ಹೋಗಿ ತಾಯಿಯ ಪಕ್ಕದಲ್ಲಿ ಕೂತು ಮಾತಾಡಬಲ್ಲವಳು ನರ್ಸು, ಅಂಗನವಾಡಿಯ ಬಾಯಿ ಅಥವಾ ಬ್ಯಾಂಕಿನಲ್ಲಿ ಕೆಲಸ ಮಾಡುವ ಊರಿನದೇ ಹೆಣ್ಣುಮಗಳು. ಸಭಾಭವನದಲ್ಲಿ ಮಾಡುವ ಭಾಷಣ ಆ ಅಡುಗೆಮನೆಯವರೆಗೆ ಮುಟ್ಟುವುದಿಲ್ಲ.

ಕಂಪನಿಯ ಹಣಕ್ಕೆ ಆಗ ಕೆಲಸವಿಲ್ಲವೆಂದಲ್ಲ. ಈ ಹಿರಿಯರಿಗೆ ಓಡಾಟದ ಖರ್ಚು, ಗೌರವಧನ ಬೇಕು. ದುಡಿಯುವ ಹುಡುಗ ತಿಂಗಳಿಗೆರಡು ದಿನ ಬಂದು ಕೂತರೆ ಅಂದಿನ ಕೂಲಿ ಹೋಗುತ್ತದೆ, ಅದನ್ನು ಯಾರಾದರೂ ತುಂಬಿಕೊಡಬೇಕು. ಹುಡುಗನಿಗೂ ಹಿರಿಯನಿಗೂ ಹೊಂದಿಕೆಯಾಗದಿದ್ದರೆ ಸುಮ್ಮನೆ ಬಿಟ್ಟುಬಿಡದೆ ಬೇರೊಬ್ಬರಿಗೆ ಒಪ್ಪಿಸಲು, ಲೆಕ್ಕ ಇಡಲು, ವಿಚಾರಿಸುತ್ತಿರಲು ಒಬ್ಬ ಪೂರ್ಣಾವಧಿಯ ಮನುಷ್ಯ ಬೇಕು. ಇವೆಲ್ಲ ಕಾಯಿದೆಗೆ ಒಪ್ಪಿಗೆಯಾಗುವ ವೆಚ್ಚಗಳಾಗಿ ರೂಪಿಸಬಹುದಾದವು. ವರ್ಷದ ಕೊನೆಗೆ ಹಣ ಮುಗಿಸಬೇಕು, ಆದುದರಿಂದ ದೀರ್ಘವಾದ ಕೆಲಸ ಕೈಗೂಡದೆಂದು ಕೆಲವು ಕಂಪನಿಯವರು ಹೇಳುವುದನ್ನು ಕೇಳಿದ್ದೇನೆ. ಅದು ಪೂರ್ತಿ ನಿಜವಲ್ಲ. 2021ರ ತಿದ್ದುಪಡಿಯ ಪ್ರಕಾರ ಆರಂಭದ ವರ್ಷವನ್ನು ಬಿಟ್ಟು ಮತ್ತೆ ಮೂರು ಆರ್ಥಿಕ ವರ್ಷಗಳವರೆಗೆ ಒಂದು ಕೆಲಸವನ್ನು ಮುಂದುವರಿಸಲು ಅವಕಾಶವಿದೆ. ಒಂದು ಹುಡುಗ ಹತ್ತನೆಯ ತರಗತಿಯಿಂದ ಐ.ಟಿ.ಐ. ಮುಗಿಸಿ ಮೊದಲ ಪಗಾರ ತರುವವರೆಗೆ ಅಷ್ಟು ಕಾಲ ಸಾಕು.

ಸಮೀಪದ ಹುಬ್ಬಳ್ಳಿಯಲ್ಲಿ ದೇಶಪಾಂಡೆ ಪ್ರತಿಷ್ಠಾನವು ಬೆಳಗಾವಿ ಜಿಲ್ಲೆಯನ್ನೂ ತನ್ನ ಕ್ಷೇತ್ರದೊಳಗೆ ಸೇರಿಸಿಕೊಂಡು, ಕಾಲೇಜು ವಿದ್ಯಾರ್ಥಿಗಳಿಗೆ ಸಣ್ಣ ಮೊತ್ತ ಕೊಟ್ಟು, ತಮ್ಮ ಊರಿನ ಒಂದು ತೊಂದರೆಯನ್ನು ತಾವೇ ಬಿಡಿಸಲು ಹಚ್ಚುವ ‘ಲೀಡ್’ ಎಂಬ ಕಾರ್ಯಕ್ರಮ ನಡೆಸಿತು. ಹುಡುಗರ ಕೈಗೆ ಕೆಲಸ ಕೊಟ್ಟು ಪಕ್ಕದಲ್ಲಿ ನಿಲ್ಲುವ ಈ ಕ್ರಮ ನನಗೆ ಮೆಚ್ಚುಗೆಯಾಯಿತು. ಆದರೆ ಅದು ಕಾಲೇಜಿನ ಮೆಟ್ಟಿಲು ಹತ್ತಿದವರ ಮಾತು. ಬಸ್ ನಿಲ್ದಾಣದ ಕಟ್ಟೆಯ ಮೇಲಿದ್ದವರಿಗೆ ತಕ್ಕುದು ಶಿಶಿಕ್ಷು ಪದ್ಧತಿ. 1961ರ ಅಪ್ರೆಂಟಿಸ್ ಕಾಯಿದೆಯ 2019ರ ನಿಯಮಗಳಂತೆ 30 ಅಥವಾ ಹೆಚ್ಚು ಜನರಿರುವ ಪ್ರತಿಯೊಂದು ಸಂಸ್ಥೆಯೂ ತನ್ನ ಬಲದ ನೂರಕ್ಕೆ ಎರಡೂವರೆಯಿಂದ 15ರವರೆಗೆ ಶಿಶಿಕ್ಷುಗಳನ್ನು ತೆಗೆದುಕೊಳ್ಳಬೇಕು. ಇದು ಲಾಭದ ಮೇಲೆ ನಿಂತ ನಿಯಮವಲ್ಲವಾದ್ದರಿಂದ ನಷ್ಟದಲ್ಲಿದ್ದೇವೆಂಬ ನೆಪಕ್ಕೆ ಎಡೆಯಿಲ್ಲ.

ಕೊನೆಗೆ ಸಕ್ಕರೆ ಕಾರಖಾನೆಗಳ ಪಂಚಾಂಗದ ಒಂದು ವಿಷಯ. ಕಬ್ಬು ಅರೆಯುವ ಹಂಗಾಮು ದೀಪಾವಳಿಯ ಆಸುಪಾಸಿನಲ್ಲಿ ಆರಂಭವಾಗಿ ಬೇಸಗೆಯ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಮಳೆಗಾಲ ಮುಗಿಯುವವರೆಗೆ ಕಾರಖಾನೆಯಲ್ಲಿ ರಿಪೇರಿಯ ಕಾಲ. ಅರೆಯುವ ಉರುಳೆಗಳನ್ನು ಇಳಿಸುತ್ತಾರೆ, ಪಂಪುಗಳನ್ನು ಬಿಚ್ಚುತ್ತಾರೆ, ಟರ್ಬೈನಿನ ಹೊಟ್ಟೆ ತೆರೆದು ನೋಡುತ್ತಾರೆ. ಯಂತ್ರವು ತಿರುಗುವಾಗ ಕಾಣದ ಅದರ ಒಳಗೆಲ್ಲ ಆಗ ಕಾಣುತ್ತದೆ. ಕಲಿಸುವವರಿಗೂ ತುಸು ಬಿಡುವು ಇರುತ್ತದೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಬರುವುದೂ ಅದೇ ಮೇ ತಿಂಗಳ ಸುಮಾರಿಗೆ. ಹದಿನೆಂಟು ತುಂಬದವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ, ಹಚ್ಚಲೂಬಾರದು. ಆದರೆ ಬಿಚ್ಚಿಟ್ಟ ಪಂಪಿನ ಸುತ್ತ ನಾಲ್ಕು ಹುಡುಗರನ್ನು ಕೂಡಿಸಿ, ಇದು ಏತಕ್ಕೆ, ಅದು ಏತಕ್ಕೆ ಎಂದು ಹಿರಿಯ ಫಿಟ್ಟರನೊಬ್ಬ ಹೇಳುವುದಕ್ಕೆ ಯಾವ ಕಾಯಿದೆಯ ಅಡ್ಡಿಯೂ ಇಲ್ಲ. ಸಂಕೇಶ್ವರದಲ್ಲಾಗಲಿ ಘಟಪ್ರಭೆಯಲ್ಲಾಗಲಿ ಕಾರಖಾನೆಯ ಆಡಳಿತ ಮಂಡಲಿ ಮನಸ್ಸು ಮಾಡಿದರೆ ಬರುವ ಮೇ ತಿಂಗಳಿನಿಂದಲೇ ಇದನ್ನು ಆರಂಭಿಸಬಹುದು, ಐ.ಟಿ.ಐ.ಯ ಅರ್ಜಿಗಳನ್ನು ಕರೆಯುವ ಹೊತ್ತಿಗೆ ಆ ಹುಡುಗರಿಗೆ ತಮಗೆ ಯಾವ ಕಸುಬು ಬೇಕೆಂಬುದು ಗೊತ್ತಾಗಿರುತ್ತದೆ.